ಮುಲಾಮು ಹಚ್ಚದ ಮೂಗು

ಡಾಕ್ಟರ್ ಪ್ರದ್ಯುಮ್ನ ಗಾಜಿನ ಕೊಳವೆಯನ್ನು ಮೇಜಿಗೆ ಕುಟ್ಟಿ, ತೀರ್ಥ ಕೊಡುವ ಅರ್ಚಕನ ಗತ್ತಿನಲ್ಲಿ ಗಿರಿಜಾಂಬಾಳ ಮುಖದ ಮುಂದೆ ಹಿಡಿದ. ಒಳಗಿದ್ದ ಹಣ್ಣಿನ ನೊಣಗಳೆಲ್ಲ ಕುಟ್ಟಿದ ರಭಸಕ್ಕೆ ತಳಕ್ಕೆ ಬಿದ್ದವು. ಸಾವರಿಸಿಕೊಂಡು ಮತ್ತೆ ಗಾಜು ಹತ್ತತೊಡಗಿದವು.

“ಹತ್ತುತ್ತಿವೆ, ನೋಡಿ ಮೇಡಂ. ಇವು ನಮ್ಮ ಪುಡಿ ತಿಂದ ನೊಣಗಳು. ತಿನ್ನದವು ಬಿದ್ದಲ್ಲೇ ಬಿದ್ದಿರುತ್ತವೆ, ಪಾರ್ಕಿನ್ಸನ್ ಕಾಯಿಲೆಯವರ ಹಾಗೆ.”

ಗಿರಿಜಾಂಬಾ ನೋಡಿದಳು. ಅರ್ಧದಷ್ಟು ಹತ್ತಿದವು. ಮಿಕ್ಕವು ತಳದಲ್ಲೇ ಕಾಲು ಬಡಿಯುತ್ತಿದ್ದವು. ಆ ಮಿಕ್ಕವು ಡಾಕ್ಟರನ ಹೆಬ್ಬೆರಳ ಹಿಂದೆ ಅರೆಮರೆಯಾಗಿದ್ದವು. ಹೆಬ್ಬೆರಳು ಅಲ್ಲಿಗೆ ತಾನಾಗಿ ಹೋಗಿದ್ದಲ್ಲ ಎಂದು ಪೊಲೀಸ್ ಇಲಾಖೆಯಲ್ಲಿ ಅರ್ಧ ಆಯುಸ್ಸು ಕಳ್ಳರ ಕೈ ನೋಡಿಕೊಂಡೇ ಕಳೆದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ಆಕೆ ಇಲಾಖೆ ಬಿಟ್ಟು ಸ್ವಂತ ಪತ್ತೇದಾರಿಕೆ ಹಿಡಿದಿದ್ದಳು. ಕಳ್ಳರು ಮಾತ್ರ ಅವರೇ, ಕೋಟು ಹೊಸದು.

ಆಕೆ ಬಂದಿದ್ದು ನೊಣ ನೋಡುವುದಕ್ಕಲ್ಲ. ಮೈಸೂರಿನ ಹೆಬ್ಬಾಳದ ಈ ಖಾಸಗಿ ಸಂಶೋಧನಾಲಯದ ಅಡುಗೆಕೋಣೆಯಲ್ಲಿ ಹೋದ ವಾರ ಗ್ಯಾಸ್ ಹೊತ್ತಿಕೊಂಡು ಹಿರಿಯ ವಿಜ್ಞಾನಿ ವೆಂಕಟಸುಬ್ಬಯ್ಯ ತೀರಿಕೊಂಡಿದ್ದರು. ಒಲೆಯ ರಬ್ಬರ್ ಪೈಪನ್ನು ಬ್ಲೇಡಿನಿಂದ ಸೀಳಲಾಗಿತ್ತು. ಸೀಳಿದವಳು ಸಂಶೋಧನಾ ವಿದ್ಯಾರ್ಥಿನಿ ಸಿಂಚನ ಎಂದು ಪೊಲೀಸರು ತೀರ್ಮಾನಿಸಿಯಾಗಿತ್ತು. ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಅವಳ ನಿರೀಕ್ಷಣಾ ಜಾಮೀನಿನ ಅರ್ಜಿ ಬರುವುದಿತ್ತು. ಅದು ಬಿದ್ದುಹೋದರೆ, ಗಿರಿಜಾಂಬಾಳ ಕಾಲು ಹಿಡಿದು ಬೇಡಿಕೊಂಡಿದ್ದ ಕೆಸರೆಯ ವಸಂತಮ್ಮನ ಮಗಳು ಕೋರ್ಟಿನಿಂದ ನೇರ ಜೈಲಿಗೆ ಹೋಗಬೇಕಿತ್ತು.

ಹುಡುಗಿ ಕೊಲೆಗಾತಿಯಲ್ಲ ಎಂದು ಗಿರಿಜಾಂಬಾ ನಂಬಿದ್ದಳು. ಅದಕ್ಕೆ ಕಾರಣ ಒಂದೇ. ವೆಂಕಟಸುಬ್ಬಯ್ಯನವರ ಹೆಸರೆತ್ತಿದಾಗ ಸಿಂಚನ ಅತ್ತಿದ್ದಳು, ಮೂಗು ಒರೆಸಿಕೊಳ್ಳುವುದನ್ನೂ ಮರೆತು ಅತ್ತಿದ್ದಳು. ನಾಟಕದ ಅಳುವಿನಲ್ಲಿ ಸೆರಗೋ ಕರವಸ್ತ್ರವೋ ಮೊದಲೇ ಕೈಗೆ ಬಂದಿರುತ್ತದೆ.

ಪ್ರದ್ಯುಮ್ನನ ಉಪನ್ಯಾಸ ಮುಗಿದಿರಲಿಲ್ಲ. ಪುಡಿಗೆ ಉದ್ದನೆಯ ರಾಸಾಯನಿಕ ಹೆಸರೊಂದಿತ್ತು. ಅದನ್ನು ಎರಡು ಸಲ ಹೇಳಿದ, ಆಕೆಗೆ ತಿಳಿಯಲಿ ಎಂದಲ್ಲ, ತಿಳಿಯದಿರಲಿ ಎಂದು. ಇದೊಂದು ಅಪಕರ್ಷಣಕಾರಿ ಎಂದ. ಮಿದುಳಿನ ಜೀವಕೋಶಗಳು ಆಮ್ಲಜನಕದ ಹೊಡೆತಕ್ಕೆ ಸಿಕ್ಕಿ ಹಾಳಾಗುತ್ತವೆ, ಪುಡಿ ಆ ಹೊಡೆತವನ್ನು ತಾನು ತಿಂದು ಕೋಶವನ್ನು ಕಾಪಾಡುತ್ತದೆ ಎಂದ. ಹೆಚ್ಚಿದ ಬಾಳೆಕಾಯಿ ಕಪ್ಪಾಗದಿರಲಿ ಅಂತ ಮಜ್ಜಿಗೆ ನೀರಿಗೆ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟೇ ಸಂಗತಿ. ಅಷ್ಟು ಹೇಳುವುದಕ್ಕೆ ಈ ಮನುಷ್ಯನಿಗೆ ಒಂದು ಪ್ರೊಜೆಕ್ಟರ್ ಬೇಕು, ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಬಿಳಿಯರ ಒಂದು ಸಭೆ ಬೇಕು, ಕೊನೆಗೆ ಕೊರಳಿಗೆ ಹಾರವೂ ಬೇಕು. ನೊಣದ ಮಟ್ಟಿಗೆ ಅರ್ಧಂಬರ್ಧ ಗೆದ್ದದ್ದನ್ನು ಬರುವ ತಿಂಗಳು ಮನುಷ್ಯರಿಗೇ ಕೊಡಲು ಹೊರಟಿದ್ದ. ಮೂಗಿಗಿಂತ ಮೂಗುತಿ ಭಾರ.

“ಆ ಅಡುಗೆಕೋಣೆ ಇನ್ನೊಂದ್ಸಲ ನೋಡ್ಬೋದಾ ಡಾಕ್ಟ್ರೇ?” ಎಂದಳು ಗಿರಿಜಾಂಬಾ.

ಪ್ರದ್ಯುಮ್ನ ಕೊಳವೆ ಕೆಳಗಿಟ್ಟ. ಮುಖದಲ್ಲಿ ಬೇಸರವಿತ್ತು, ಆದರೂ ದಾರಿ ತೋರಿಸಿದ. ನಡೆಯುವಾಗ ಅವನ ಎಡಗೈ ಕೋಟಿನ ಜೇಬಿನಲ್ಲೇ ಇತ್ತು.

ಅಡುಗೆಕೋಣೆ ಎಂದರೆ ನೊಣಗಳಿಗೆ ಅಡುಗೆ ಮಾಡುವ ಕೋಣೆ. ಮೈಸೂರಿನಲ್ಲಿ ನೊಣಕ್ಕೂ ರವೆ ಬೆಲ್ಲದ ಪಾಯಸ ಬೇಕು. ದಿನವೂ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಆರಿಸಿ, ಪುಡಿ ಬೆರೆಸಿ, ಬಾಟಲಿಗಳಿಗೆ ಸುರಿಯುತ್ತಿದ್ದರು. ಈಗ ಅಲ್ಲಿ ಕಪ್ಪು ಗೋಡೆ, ಸೊಟ್ಟಗಾದ ಒಲೆ, ಒಡೆದ ಕಿಟಕಿ ಮಾತ್ರ ಉಳಿದಿದ್ದವು. ಗಿರಿಜಾಂಬಾ ಒಳಗೆ ಹೋಗಲೇ ಇಲ್ಲ. ಆಕೆಗೆ ಬೇಕಾಗಿದ್ದು ಬಾಗಿಲ ಹೊರಗಿನ ಗೂಡು.

ಗೂಡಿನಲ್ಲಿ ತಲೆನೋವಿನ ಮುಲಾಮಿನ ಪುಟ್ಟ ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರಿನ ಚೀಟಿ. ಪುಡಿಗೊಂದು ದೊಡ್ಡ ಕೊರತೆಯಿತ್ತು: ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯ ನಾತ ಇಡೀ ಮಹಡಿಗೆ ಬಡಿಯುತ್ತಿತ್ತು. ಹಾಗಾಗಿ ಎಲ್ಲರೂ ದಿನಾ ಬೆಳಿಗ್ಗೆಯೇ ಮೂಗಿನ ಕೆಳಗೆ ಮುಲಾಮು ಬಳಿದುಕೊಂಡು ಒಳಗೆ ಹೋಗುವುದು ಇಲ್ಲಿಯ ಪದ್ಧತಿ. ಪಾಯಸ ಬೇಯಿಸುವವರಿಂದ ಹಿಡಿದು ಸತ್ತ ವೆಂಕಟಸುಬ್ಬಯ್ಯನವರ ತನಕ ಎಲ್ಲರೂ ಬಳಿಯುತ್ತಿದ್ದರು. ಸಾಯುವ ದಿನವೂ ಬಳಿದಿದ್ದರು. ಆದ್ದರಿಂದಲೇ ಗ್ಯಾಸಿನ ವಾಸನೆ ಅವರಿಗೆ ತಿಳಿಯಲಿಲ್ಲ. ಹಾಲು ಕಾಯಿಸಲು ಹೋಗಿ ಲೈಟರ್ ಒತ್ತಿದರು.

ಗೂಡಿನಲ್ಲಿ ಪ್ರದ್ಯುಮ್ನನ ಹೆಸರಿನ ಡಬ್ಬಿ ಇರಲಿಲ್ಲ.

“ನಾನು ಹಚ್ಚುವುದಿಲ್ಲ,” ಎಂದ ಅವನು, ಕೇಳುವ ಮೊದಲೇ. “ವಿಜ್ಞಾನಿ ಮೂಗು ಮುಚ್ಚಿಕೊಂಡು ಕೆಲಸ ಮಾಡಬಾರದು. ಹುಡುಗರಿಗೂ ಅದನ್ನೇ ಹೇಳ್ತೀನಿ, ಕೇಳಲ್ಲ.”

ಈ ಜಂಬವೇ ಸಿಂಚನಳ ಕುತ್ತಿಗೆಗೆ ಹಗ್ಗವಾಗಿತ್ತು. ಪೊಲೀಸರಿಗೆ ಪ್ರದ್ಯುಮ್ನ ಕೊಟ್ಟ ಹೇಳಿಕೆ ಸರಳವಾಗಿತ್ತು. ನನ್ನೊಬ್ಬನ ಮೂಗಿಗೆ ಮಾತ್ರ ಮುಲಾಮು ಇರಲಿಲ್ಲ. ಆ ಸಂಜೆ ಅಡುಗೆಕೋಣೆಯ ಮುಂದೆ ಹಾದಾಗ ಗ್ಯಾಸಿನ ವಾಸನೆ ಬಂತು. ಒಳಗಿನಿಂದ ಬರುತ್ತಿದ್ದ ಸಿಂಚನಳಿಗೆ, ಸಿಲಿಂಡರ್ ನೋಡು ಎಂದು ಹೇಳಿದೆ. ಅದು ಪುಡಿಯ ವಾಸನೆ ಸಾರ್ ಎಂದು ಆಕೆ ಬಾಗಿಲೆಳೆದುಕೊಂಡು ಹೋದಳು. ಹತ್ತು ನಿಮಿಷದಲ್ಲಿ ಸ್ಫೋಟವಾಯಿತು. ಇಂಥ ಮಾತೇ ನಡೆದಿಲ್ಲ ಎಂದು ಸಿಂಚನ ಎಷ್ಟು ಹೇಳಿದರೂ ಕೇಳುವವರಿಲ್ಲ. ವೆಂಕಟಸುಬ್ಬಯ್ಯ ಯಾವುದೋ ಪ್ರಬಂಧದಿಂದ ಅವಳ ಹೆಸರು ತೆಗೆದಿದ್ದರಂತೆ, ಆ ಸಿಟ್ಟಂತೆ. ಆ ಕತೆಯನ್ನು ಹೇಳಿದವನೂ ಪ್ರದ್ಯುಮ್ನನೇ.

ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಗುರುಕಿರಣ್ ಕಾಯುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಿರಿಜಾಂಬಾಳ ಕೈಕೆಳಗೆ ಪಳಗಿದವನು. ಈಗ ಈ ಪ್ರಕರಣ ಅವನದೇ. ಮೇಡಂ ಮೇಲಿನ ಗೌರವಕ್ಕೆ ಅರ್ಧ ಗಂಟೆ ಕೊಟ್ಟಿದ್ದ, ಅದಕ್ಕಿಂತ ಹೆಚ್ಚು ಕೊಡಲು ಮನಸ್ಸಿರಲಿಲ್ಲ.

ಕೋಣೆಯ ತುಂಬ ಪ್ರದ್ಯುಮ್ನನ ಫೋಟೋಗಳು. ಮಂತ್ರಿಯ ಜೊತೆ, ಸ್ವಾಮೀಜಿಯ ಜೊತೆ, ಯಾರದೋ ಕೈಯಿಂದ ಶಾಲು ಹೊದಿಸಿಕೊಳ್ಳುತ್ತ. ನೊಣದ ಜೊತೆ ಒಂದೂ ಇರಲಿಲ್ಲ. ಪಾಪ, ಅನ್ನ ಕೊಟ್ಟವರನ್ನು ಯಾರು ನೆನೆಯುತ್ತಾರೆ ಎಂದುಕೊಂಡಳು ಗಿರಿಜಾಂಬಾ.

“ಒಂದೇ ಒಂದು ಅನುಮಾನ ಡಾಕ್ಟ್ರೇ,” ಎನ್ನುತ್ತ ಆಕೆ ತನ್ನ ಚೀಲದಿಂದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದಳು. ಸಂಶೋಧನಾಲಯದ್ದೇ ಡಬ್ಬಿ, ಪುಡಿಯ ಚೀಟಿ ಅದರ ಮೇಲಿತ್ತು. ಮುಚ್ಚಳ ತಿರುಗಿಸಿ ಮೇಜಿನ ನಡುವೆ ಇಟ್ಟಳು. ಒಳಗೆ ಬೆಳ್ಳಗಿನ ಪುಡಿ ಇತ್ತು.

ಪ್ರದ್ಯುಮ್ನ ತಟ್ಟನೆ ಬಲಗೈಯಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

“ಇದನ್ನ ಇಲ್ಲೆಲ್ಲ ತೆರೀಬಾರದು ಮೇಡಂ. ಮುಚ್ಚಿ. ಎಸಿ ಹಾಕಿದ ರೂಮು, ನಾತ ನಾಳೆತನಕ ಹೋಗಲ್ಲ.”

“ಅಷ್ಟೊಂದು ನಾತವಾ?”

“ಕೊಳೆತ ಮೊಟ್ಟೆ. ನನಗೆ ಅಭ್ಯಾಸ, ನಿಮಗೆ ತಲೆ ಸಿಡಿಯುತ್ತೆ.”

ಗಿರಿಜಾಂಬಾ ಗುರುಕಿರಣ್ ಕಡೆ ತಿರುಗಿದಳು. ಅವನ ಎರಡು ಕೈಗಳೂ ತಮಗೆ ತಾವೇ ಮೇಲೆದ್ದು ಕಣ್ಣಿಗೆ ಒತ್ತಿಕೊಳ್ಳಲು ಹೊರಟು, ಅರ್ಧ ದಾರಿಯಲ್ಲಿ ನಾಚಿಕೊಂಡು ನಿಂತಿದ್ದವು. ಮಂಗಳಾರತಿ ತಟ್ಟೆ ಕಂಡಾಗ ಹುಟ್ಟಿನಿಂದ ಮಾಡಿಕೊಂಡು ಬಂದದ್ದು ಅಷ್ಟು ಸುಲಭಕ್ಕೆ ಹೋಗುತ್ತದೆಯೇ.

“ಏನ್ ವಾಸನೆ ಗುರುಕಿರಣ್?”

“ಕರ್ಪೂರ ಮೇಡಂ,” ಎಂದ ಇನ್‌ಸ್ಪೆಕ್ಟರ್. ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ನಿಧಾನಕ್ಕೆ ಪ್ರದ್ಯುಮ್ನನ ಕಡೆ ನೋಡಿದ.

ಕರವಸ್ತ್ರ ಇನ್ನೂ ಮೂಗಿನ ಮೇಲೆಯೇ ಇತ್ತು.

“ನಮ್ಮ ದೇವರ ಮನೇದು, ಬೆಳಿಗ್ಗೆ ಕುಟ್ಟಿ ತುಂಬಿದ್ದು,” ಎಂದಳು ಗಿರಿಜಾಂಬಾ. “ಇಡೀ ಕಟ್ಟಡ ದೇವಸ್ಥಾನ ಆಗೋಗಿದೆ, ನಿಮಗೆ ಮಾತ್ರ ಕೊಳೆತ ಮೊಟ್ಟೆ. ಚೀಟಿ ಓದಿ ಮೂಗು ಮುಚ್ಕೊಂಡ್ರಲ್ಲ ಡಾಕ್ಟ್ರೇ. ಎಷ್ಟು ವರ್ಷ ಆಯ್ತು, ವಾಸನೆ ಹೋಗಿ?”

ಪ್ರದ್ಯುಮ್ನ ಕರವಸ್ತ್ರವನ್ನು ಮಡಿಸಲು ಹೋದ. ಮಡಿಸಲು ಎರಡು ಕೈ ಬೇಕು. ಎಡಗೈ ಜೇಬಿನಿಂದ ಹೊರಗೆ ಬಂತು, ಬಂದದ್ದೇ ನಡುಗತೊಡಗಿತು. ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತ, ಕಾಣದ ಗುಳಿಗೆಯೊಂದನ್ನು ಉರುಳಿಸುವಂತೆ ಆಡುತ್ತಿತ್ತು. ಅವನು ಅದನ್ನು ಬಲಗೈಯಿಂದ ಹಿಡಿದು ತೊಡೆಗೆ ಅದುಮಿಕೊಂಡ.

ಗಿರಿಜಾಂಬಾ ಈ ಕಾಯಿಲೆಯ ಬಗ್ಗೆ ಒಂದು ವಾರದಿಂದ ಓದಿಕೊಂಡಿದ್ದಳು. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಬಹಳ ಜನಕ್ಕೆ ವಾಸನೆ ಹೋಗಿಬಿಡುತ್ತದೆ. ಹಾಗೆಂದು ಇದೇ ಮನುಷ್ಯ ಗೋಕುಲಂನ ಭಾಷಣದಲ್ಲಿ ಹೇಳಿದ್ದು ಅಂತರ್ಜಾಲದಲ್ಲಿ ಇನ್ನೂ ಇತ್ತು. ಊರಿಗೆಲ್ಲ ಹೇಳಿದ್ದನ್ನು ತನ್ನ ವಿಷಯದಲ್ಲಿ ಯಾರೂ ಹಚ್ಚಿ ನೋಡುವುದಿಲ್ಲ ಎಂದುಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಆಮೇಲೆ ಅವನು ಒಂದೊಂದಾಗಿ ಬಾಯಿ ಬಿಟ್ಟ. ಕಾಯಿಲೆ ಹೊರಗೆ ಗೊತ್ತಾದರೆ ಸಂಸ್ಥೆ ಉಳಿಯುವುದಿಲ್ಲ, ತನ್ನ ರೋಗಕ್ಕೆ ತಾನೇ ಮದ್ದು ಹುಡುಕಿಕೊಳ್ಳುವವನ ಫಲಿತಾಂಶವನ್ನು ಯಾರೂ ನಂಬುವುದಿಲ್ಲ ಎಂದು ಹೆದರಿದ್ದನಂತೆ. ಸ್ಫೋಟದ ಸಂಜೆ ಪೊಲೀಸರು ಕೇಳಿದ ಮೊದಲ ಪ್ರಶ್ನೆಯೇ, ಮುಲಾಮು ಹಚ್ಚದವರು ನೀವೊಬ್ಬರೇ ಅಲ್ಲವೇ, ನಿಮಗೆ ವಾಸನೆ ಬರಲಿಲ್ಲವೇ ಎಂದು. ಇಲ್ಲ ಎಂದರೆ ಯಾಕೆ ಎನ್ನುತ್ತಾರೆ. ಬಂತು ಎಂದ. ಬಂದಿದ್ದರೆ ಏನು ಮಾಡಿದಿರಿ ಎಂದರು. ಎದುರಿಗೆ ಹುಡುಗಿ ನಿಂತಿದ್ದಳು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ,” ಎಂದಳು ಗಿರಿಜಾಂಬಾ. ಧ್ವನಿ ಏರಿಸಲಿಲ್ಲ, ಏರಿಸುವಷ್ಟು ಬೆಲೆಯೂ ಆ ಮನುಷ್ಯನಿಗೆ ಇಲ್ಲವೆನಿಸಿತು. “ನಿಮ್ಮ ಮೂಗಿನ ಮಾನ ಉಳೀಲಿ ಅಂತ ಒಂದು ಹೆಣ್ಣುಮಗೂನ ಜೈಲಿಗೆ ಕಳಿಸಕ್ಕೆ ಹೊರಟ್ರಿ. ನಿಮ್ಮ ನೊಣಗಳಿಗಾದ್ರೂ ಬೆನ್ನುಮೂಳೆ ಇಲ್ಲ ಅನ್ನೋ ನೆಪ ಇದೆ ಕಣ್ರೀ.”

ಗುರುಕಿರಣ್ ಕೆಮ್ಮಿದ. ಹೇಳಿಕೆಯನ್ನು ಹೊಸದಾಗಿ ಬರೆದುಕೊಳ್ಳಬೇಕು ಎಂದ. ಪ್ರದ್ಯುಮ್ನ ತಲೆಯಾಡಿಸಿದ.

ಗಿರಿಜಾಂಬಾಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹುಡುಗಿಯ ಮೇಲಿದ್ದ ಒಂದೇ ಸಾಕ್ಷಿ ಕರ್ಪೂರದಂತೆ ಉರಿದುಹೋಗಿತ್ತು. ನಾಳೆ ಜಾಮೀನು ಖಂಡಿತ. ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಎದ್ದಳು.

“ಒಂದು ನಿಮಿಷ ಕೂತ್ಕೊಳಿ ಮೇಡಂ,” ಎಂದ ಪ್ರದ್ಯುಮ್ನ.

ಅವನ ಧ್ವನಿಯಲ್ಲಿ ಉಪನ್ಯಾಸ ಇರಲಿಲ್ಲ. ಹಾಗೆ ನೋಡಿದರೆ ಆ ದಿನ ಅವನು ಮನುಷ್ಯನಂತೆ ಆಡಿದ ಮೊದಲ ಮಾತು ಅದು.

“ನಾನು ಸುಳ್ಳು ಹೇಳ್ದೆ. ಒಪ್ಕೋತೀನಿ. ಆ ಪುಡೀನ ಒಂದು ವರ್ಷದಿಂದ ದಿನಾ ಬೆಳಿಗ್ಗೆ ನಾನೇ ತಿಂತಿದೀನಿ, ನೊಣ ಹತ್ತುತ್ತೆ, ನನ್ನ ಕೈ ಮಾತ್ರ ನಿಲ್ತಿಲ್ಲ. ಅದೂ ಬರ್ಕೊಳ್ಳಲಿ. ಆದರೆ ನೀವು ಒಂದು ಪ್ರಶ್ನೆ ಕೇಳಲೇ ಇಲ್ಲ. ದಿನಾ ಸಂಜೆ ಆ ಒಲೆ ಹಚ್ಚೋದು ಯಾರು?”

ಗಿರಿಜಾಂಬಾ ಕೂರಲಿಲ್ಲ, ಹೋಗಲೂ ಇಲ್ಲ.

ಒಲೆ ಹಚ್ಚುವವನು ಪ್ರದ್ಯುಮ್ನನೇ. ಬೇರೆಯವರು ಮಾಡಿದ ಕಾಫಿ ತನಗೆ ಸೇರದು ಎಂದು ಸಂಸ್ಥೆಯಲ್ಲೆಲ್ಲ ಪ್ರಸಿದ್ಧ. ದಿನಾ ಐದಕ್ಕೆ, ಎಲ್ಲರೂ ಹೊರಟಮೇಲೆ, ತಾನೇ ಹೋಗಿ ಹಾಲು ಕಾಯಿಸಿ ಡಿಕಾಕ್ಷನ್ ಬೆರೆಸಿಕೊಳ್ಳುತ್ತಿದ್ದ. ಪರಿಮಳವೇ ತಿಳಿಯದ ಕಾಫಿಗೆ ಅಷ್ಟು ಗತ್ತು. ಸ್ಫೋಟದ ದಿನ ಅವನಿಗೊಂದು ಫೋನ್ ಬಂದಿತ್ತು. ಮಾತು ಮುಗಿಯುತ್ತಿರಲಿಲ್ಲ. ಹಾಲು ನಾನಿಡುತ್ತೇನೆ ಬಿಡಿ ಎಂದು ವೆಂಕಟಸುಬ್ಬಯ್ಯ ಎದ್ದು ಹೋದರು. ಮೂಗಿನ ಕೆಳಗೆ ಬೆಳಗಿನ ಮುಲಾಮು ಹಾಗೇ ಇತ್ತು.

ಇಷ್ಟು ಹೇಳಿ ಪ್ರದ್ಯುಮ್ನ ನಿಲ್ಲಿಸಿದ. ಉಳಿದದ್ದನ್ನು ಗಿರಿಜಾಂಬಾಳ ತಲೆ ತಾನೇ ಲೆಕ್ಕ ಹಾಕಿತು, ಹಾಕಿದ ಲೆಕ್ಕ ಆಕೆಗೆ ಹಿಡಿಸಲಿಲ್ಲ.

ಪೈಪು ಸೀಳಿದ್ದು ವೆಂಕಟಸುಬ್ಬಯ್ಯನವರಿಗಲ್ಲ, ಇವನಿಗೆ. ಆದರೆ ಇವನು ಮುಲಾಮು ಹಚ್ಚದವನು ಎಂದು ಸಂಸ್ಥೆಗೇ ಗೊತ್ತು. ಬಾಗಿಲ ಬಳಿಯೇ ಇವನಿಗೆ ಗ್ಯಾಸ್ ವಾಸನೆ ತಿಳಿದುಬಿಡುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇವನನ್ನು ಕೊಲ್ಲಲು ಗ್ಯಾಸ್ ಬಿಡುವ ಯೋಚನೆ ಯಾರಿಗೂ ಬರಲು ಸಾಧ್ಯವಿಲ್ಲ, ಇವನಿಗೆ ವಾಸನೆ ಬರುವುದಿಲ್ಲ ಎಂದು ತಿಳಿದವರಿಗೆ ಬಿಟ್ಟು.

“ಯಾರ್ಯಾರಿಗೆ ಗೊತ್ತಿತ್ತು?” ಎಂದು ಕೇಳಿದವನು ಗುರುಕಿರಣ್.

“ಹೆಂಡತಿಗೂ ಗೊತ್ತಿಲ್ಲ. ಬೆಂಗಳೂರಿನ ಡಾಕ್ಟ್ರಿಗೆ ಬೇರೆ ಹೆಸರು ಕೊಟ್ಟಿದೀನಿ.” ಪ್ರದ್ಯುಮ್ನ ತನ್ನ ನಡುಗುವ ಕೈಯನ್ನೇ ನೋಡುತ್ತ ಹೇಳಿದ. “ಒಂದಿನ ಬೆಳಿಗ್ಗೆ, ಯಾರೂ ಇನ್ನೂ ಮುಲಾಮು ಹಚ್ಚೋ ಮೊದಲು, ಒಲೆ ಮೇಲೆ ಬೆಲ್ಲ ತಳ ಹಿಡಿದು ಸೀದುಹೋಯ್ತು. ಎಲ್ಲರೂ ಮೂಗು ಹಿಡ್ಕೊಂಡು ಓಡಿದ್ರು. ನಾನು ಪಾತ್ರೆ ಪಕ್ಕದಲ್ಲೇ ನಿಂತು ಫೋನಲ್ಲಿ ಮಾತಾಡ್ತಿದ್ದೆ. ಒಬ್ಬಳು ಮಾತ್ರ ವಾಪಸ್ ಬಂದು ಒಲೆ ಆರಿಸಿ, ನನ್ನ ಮುಖಾನೇ ನೋಡಿದ್ಲು. ಮಾರನೆ ದಿನ ಬಾಗಿಲು ಹಾಕ್ಕೊಂಡು ಕೇಳಿದ್ಲು, ಸಾರ್, ಇದು ಅದೇನಾ ಅಂತ. ಅದೇ ಕಾಯಿಲೆ ಮೇಲೆ ಅಲ್ಲವೇ ಅವಳು ಕೆಲಸ ಮಾಡ್ತಿರೋದು.”

ಹೆಸರು ಹೇಳುವ ಅಗತ್ಯ ಬೀಳಲಿಲ್ಲ.

ಆದರೂ ಅವನು ಮುಂದುವರಿಸಿದ. ಪುಡಿಯನ್ನು ಮನುಷ್ಯರಿಗೆ ಕೊಡಬೇಡಿ ಎಂದು ಸಿಂಚನ ಮೂರು ತಿಂಗಳಿಂದ ಹಿಂದೆ ಬಿದ್ದಿದ್ದಳಂತೆ. ಅರ್ಧ ನೊಣಗಳು ತಳದಲ್ಲೇ ಸಾಯುತ್ತಿರುವುದನ್ನು ಮುಚ್ಚಿಡುತ್ತಿದ್ದೀರಿ, ಜನ ಸಾಯುತ್ತಾರೆ ಎಂದಳಂತೆ. ಯಾರು ತಡೆಯುತ್ತಾರೋ ನೋಡೋಣ ಎಂದು ಇವನು ನಕ್ಕನಂತೆ.

ಗಿರಿಜಾಂಬಾ ಜೀವಮಾನದಲ್ಲಿ ಎಷ್ಟೋ ಜನರನ್ನು ತಾತ್ಸಾರ ಮಾಡಿದ್ದಳು, ಅದರಲ್ಲಿ ಆಕೆಗೆ ಒಂದು ಸುಖವೂ ಇತ್ತು. ಈಗ ಆ ತಾತ್ಸಾರ ತನ್ನ ಮೇಲೆಯೇ ತಿರುಗಿತು. ಈ ಬಡಾಯಿಕೋರನ ಮೂಗನ್ನು ಬಯಲಿಗೆಳೆಯುವ ಉತ್ಸಾಹದಲ್ಲಿ, ಅದು ಬಯಲಾದರೆ ಕುತ್ತು ಯಾರಿಗೆ ಎಂದು ಯೋಚಿಸಿರಲಿಲ್ಲ. ಪೊಲೀಸರ ಕೈಯಲ್ಲಿದ್ದ ಮೊಂಡು ಕತ್ತಿಯನ್ನು ತಾನೇ ಮಸೆದು ವಾಪಸ್ ಕೊಟ್ಟಂತಾಗಿತ್ತು.

ಗುರುಕಿರಣ್ ಆಗಲೇ ಫೋನ್ ತೆಗೆದಿದ್ದ. ಮೇಡಂ ಮುಖ ನೋಡಲಿಲ್ಲ.

ಆಕೆ ಮೆಟ್ಟಿಲಿಳಿದು ಬಂದಳು. ಕೆಳಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಆಕೆಗಾಗಿ ಕಾಯುತ್ತ ಸಿಂಚನ ಕೂತಿದ್ದಳು. ಹೊರಗೆ ಸಂಜೆ ಪಾಳಿಯ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಹುಡುಗಿ ಎದ್ದು ನಿಂತಳು.

ಗಿರಿಜಾಂಬಾ ಬೆಂಚಿನ ತುದಿಯಲ್ಲಿ ಕೂತಳು. ಬೈಯಬೇಕೆಂದು ಬಂದವಳಿಗೆ ಬೈಗುಳ ಸಿಗಲಿಲ್ಲ.

“ಅವನಿಗೆ ವಾಸನೆ ತಿಳಿಯಲ್ಲ ಅಂತ ನಿನಗೆ ಗೊತ್ತಿತ್ತು ಕಣಮ್ಮ.”

ಸಿಂಚನ ಹೌದೆಂದು ತಲೆಯಾಡಿಸಿದಳು.

“ಮೊದಲನೇ ದಿನಾನೇ ಆ ಒಂದು ಮಾತು ಹೇಳಿದ್ರೆ ಅವನ ಹೇಳಿಕೆ ಅಲ್ಲೇ ಬಿದ್ದೋಗ್ತಿತ್ತು. ನಿಮ್ಮಮ್ಮ ನನ್ನ ಕಾಲು ಹಿಡಿಯೋ ಪಾಡು ಬರ್ತಿರಲಿಲ್ಲ. ಯಾಕೆ ಹೇಳಲಿಲ್ಲ?”

ಹುಡುಗಿ ಬಸ್ಸುಗಳ ಕಡೆ ಮುಖ ತಿರುಗಿಸಿದಳು. ಮೂಗು ಸೋರತೊಡಗಿತು. ಈಗಲೂ ಒರೆಸಿಕೊಳ್ಳಲಿಲ್ಲ.

“ಹೇಳಿದ್ರೆ ಆ ಪೈಪು ಯಾರಿಗೆ ಅಂತ ಸೀಳಿದ್ದು ಅನ್ನೋದೂ ಗೊತ್ತಾಗೋಗ್ತಿತ್ತು ಮೇಡಂ,” ಎಂದಳು. “ಅವತ್ತು ಬರಬೇಡಿ ಸಾರ್, ರಜ ಹಾಕ್ಬುಡಿ ಅಂತ ವೆಂಕಟಸುಬ್ಬಯ್ಯ ಸಾರ್‌ಗೆ ಅಷ್ಟು ಬೇಡ್ಕೊಂಡಿದ್ದೆ. ಬರಲ್ಲ ಅಂತ ಮಾತು ಕೊಟ್ಟಿದ್ರು.”

ಗಿರಿಜಾಂಬಾ ಅವಳ ಬಾಯಿ ಮುಚ್ಚಿಸಲು ಕೈ ಎತ್ತಿದಳು. ಗುರುಕಿರಣ್ ಆಗಲೇ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದ.